ಸಹಾಯ ಬೇಕು: ಕೊಲೊರಾಡೋದ ಗಾಂಜಾ ತೆರಿಗೆ, ಸೋರುವ ಶಾಲೆ

ಡೆನ್ವರ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಒಂದು ವಿನಂತಿ. ಹಿಮ ಕರಗಿದಾಗಲೆಲ್ಲ ಮಗಳ ಶಾಲೆಯ ಛಾವಣಿ ಸೋರುತ್ತದೆ. ಕಳೆದ ವಾರವೂ ಗ್ರಂಥಾಲಯದ ಬಾಗಿಲಲ್ಲಿ ಎರಡು ಹಳದಿ ಬಕೆಟ್ ಇಟ್ಟಿದ್ದರು. ಮಕ್ಕಳು ಅವನ್ನು ದಾಟಿಕೊಂಡು ಓಡಾಡುತ್ತಿದ್ದರು. ಪೋಷಕರ ಸಭೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಗಾಂಜಾ ತೆರಿಗೆಯ ದುಡ್ಡೆಲ್ಲ ಶಾಲೆಗಳಿಗೇ ಅಲ್ಲವೇ? ಉತ್ತರ ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿದ್ದಿದೆ.

ಇಲ್ಲಿ ವೈದ್ಯಕೀಯವಲ್ಲದ ಬಳಕೆಗೂ ಅಂಗಡಿಗಳಲ್ಲಿ ಗಾಂಜಾ ಮಾರಾಟ ಶುರುವಾದದ್ದು 2014ರ ಜನವರಿ 1ರಂದು. ಈಗ ಬೆಳೆಗಾರನಿಂದ ಅಂಗಡಿಗೆ ಹೋಗುವಾಗ ಶೇ 15 ಅಬಕಾರಿ ಸುಂಕ, ಗ್ರಾಹಕ ಕೊಳ್ಳುವಾಗ ಶೇ 15 ವಿಶೇಷ ಮಾರಾಟ ತೆರಿಗೆ. ಶಾಲಾ ಕಟ್ಟಡಗಳ ನಿಧಿಗೆಂದು ಮೀಸಲಿಟ್ಟದ್ದು ಅಬಕಾರಿ ಸುಂಕ. ಅದು ಸಗಟು ಬೆಲೆಗೆ ಅಂಟಿಕೊಂಡಿದೆ. ಬೆಲೆ ಕುಸಿದರೆ ನಿಧಿಯೂ ಸೊರಗುತ್ತದೆ. 2021ರ ನಂತರ ಆದದ್ದು ಇದೇ. ಇದನ್ನು ಯಾರೂ ಜನರಿಗೆ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ಸಂಕಟ.

ಆ ನಿಧಿಯ ಅನುದಾನಕ್ಕೆ ಶಾಲಾ ಜಿಲ್ಲೆಯೂ, ಅಂದರೆ ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯೂ, ತನ್ನ ಪಾಲು ಹಾಕಬೇಕು. ಅಂಥ ಅರ್ಜಿ ಬರೆದವರು, ಅಥವಾ ರಾಜ್ಯದ ತೆರಿಗೆ ಆದಾಯದ ಪಟ್ಟಿಗಳನ್ನು ಓದಿ ಅಭ್ಯಾಸವಿರುವವರು ಇದ್ದರೆ ದಯವಿಟ್ಟು ತಿಳಿಸಿ. ಕಾಗದಪತ್ರಗಳೊಂದಿಗೆ ನಾನೇ ನಿಮ್ಮ ಮನೆಗೆ ಬರುತ್ತೇನೆ. ಮುಂದಿನ ಸಭೆಗೆ ಇನ್ನು ಹತ್ತೇ ದಿನ ಇದೆ.