ಎನ್‌ಲಾರ್ಜರಿಗೆ ಯಾವ ಬಲ್ಬ್? ಹಾಸನದ ರಿಪೇರಿಯವರನ್ನು ಕೇಳಿ

(ಡಾರ್ಕ್‌ರೂಮಿನಲ್ಲಿ ಫೋಟೋ ಪ್ರಿಂಟ್ ಮಾಡೋರ ಗುಂಪಿನ ಮಾತುಕತೆ; ಕೇಳಿದವರ ಹೆಸರಿನ ಬದಲು ಊರು ಹಾಕಿದೆ. ಎನ್‌ಲಾರ್ಜರ್ ಅಂದರೆ ನೆಗೆಟಿವ್ ಮೂಲಕ ಬೆಳಕು ಹಾಯಿಸಿ ಚಿತ್ರವನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸೋ ಯಂತ್ರ.)

ಬೇಲೂರು: ಸರ್, ಕಂಡೆನ್ಸರ್ (ಬೆಳಕು ಒಟ್ಟುಗೂಡಿಸೋ ಲೆನ್ಸ್) ಇರೋ ಎನ್‌ಲಾರ್ಜರ್. 75 ವಾಟ್ ಓಪಲ್ (ಹಾಲುಬಿಳಿ ಗಾಜಿನ) ಬಲ್ಬ್ ಹೋಯ್ತು. 150 ಹಾಕಬಹುದಾ?

ರಿಪೇರಿ: ಬೇಡ. ಲ್ಯಾಂಪ್‌ಹೌಸ್ (ಬಲ್ಬಿನ ಗೂಡು) 75ಕ್ಕೆ ಮಾಡಿದ್ದು. ಶಾಖಕ್ಕೆ ನೆಗೆಟಿವ್ ಎಕ್ಸ್‌ಪೋಷರ್ ಮಧ್ಯದಲ್ಲೇ ಉಬ್ಬಿ ಫೋಕಸ್ ತಪ್ಪುತ್ತೆ.

ಅರಸೀಕೆರೆ: ಫಾರ್ವರ್ಡ್ ಬಂದಿದೆ: ‘ಓಪಲ್ ಸಿಗದಿದ್ದರೆ ಮಾಮೂಲಿ ಬಲ್ಬಿಗೆ ಬಿಳಿ ಪೇಂಟ್ ಬಳಿಯಿರಿ, ಅದೇ ರಿಸಲ್ಟ್.’ ಮಾಡಬಹುದಾ?

ರಿಪೇರಿ: ಬಳಿಯಬೇಡಿ. ಬಿಸಿಗೆ ಪೇಂಟ್ ಹಳದಿಯಾಗಿ ಸಿಪ್ಪೆ ಏಳುತ್ತೆ, ಹೊಗೆ ಕಂಡೆನ್ಸರ್ ಮೇಲೆ ಕೂರುತ್ತೆ. ಬೆಳಕು ಹಳದಿಯಾದಷ್ಟೂ ಮಲ್ಟಿಗ್ರೇಡ್ (ಬೆಳಕಿನ ಬಣ್ಣದ ಮೇಲೆ ಕಾಂಟ್ರಾಸ್ಟ್ ಬದಲಾಗೋ) ಪೇಪರಿನಲ್ಲಿ ಕಾಂಟ್ರಾಸ್ಟ್ ಬೀಳುತ್ತೆ. ಇದನ್ನ ಬರೆದ ಪುಣ್ಯಾತ್ಮ ಒಂದು ಪ್ರಿಂಟಾದರೂ ತೆಗೆದಿದ್ದಾನಾ?

ಮೂಡಿಗೆರೆ: 9 ವಾಟ್ ಎಲ್‌ಇಡಿ ಹಾಕಿದೀನಿ. ಅದೇ 10 ಸೆಕೆಂಡ್, ಒಂದು ಪ್ರಿಂಟ್ ಸರಿ, ಇನ್ನೊಂದು ಕಪ್ಪು. ಮರದ ಕೊಂಬೆ ಪಕ್ಕ ಮಬ್ಬಾಗಿ ಇನ್ನೊಂದು ಕೊಂಬೆ. ಪೇಪರ್ ಹಿಡಿಯೋ ಈಸೆಲ್ಲಿನ ಬ್ಲೇಡ್ ಮುಚ್ಚಿದ ಅಂಚು ಮಾತ್ರ ಬೆಳ್ಳಗಿದೆ.

ರಿಪೇರಿ: ಅಂಚು ಬಿಳಿ ಅಂದರೆ ಪೇಪರ್, ಡೆವಲಪರ್ ಎರಡೂ ಸರಿ ಇವೆ. ಬೆಳಕು ಮೇಲಿಂದ ಬೀಳ್ತಿದೆ. ಟೈಮರ್ ಆಫ್ ಆದರೂ ಬಲ್ಬ್ ಪೂರ್ತಿ ಆರಿಲ್ಲ ಅನ್ನಿಸುತ್ತೆ. ಸ್ವಿಚ್ಚಿನ ನಿಯಾನ್ ಇಂಡಿಕೇಟರ್ ಅಥವಾ ಟೈಮರಿನ ರಿಲೇಗೆ (ತಾನೇ ಆನ್-ಆಫ್ ಮಾಡೋ ಸ್ವಿಚ್ಚಿಗೆ) ಅಡ್ಡ ಹಾಕಿದ ಕೆಪಾಸಿಟರ್ ಮೂಲಕ ಹರಿಯೋ ಚೂರು ಕರೆಂಟ್ ತಂತಿ ಬಲ್ಬಿಗೆ ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಸಾಕು. ಫೇಸ್ ಬದಲು ನ್ಯೂಟ್ರಲ್ ಕಟ್ ಆಗ್ತಿದ್ದರೂ ಇದೇ ಕಥೆ. ಪೇಪರ್ ಸರಿಸಿ ಕೂರಿಸೋವಾಗ ಬಿದ್ದದ್ದೇ ಆ ಎರಡನೇ ಕೊಂಬೆ.

ನೆಗೆಟಿವ್ ತೆಗೆದು ಲೆನ್ಸ್ ಪೂರ್ತಿ ತೆರೆಯಿರಿ. ಟೈಮರ್ ಆಫ್ ಇರಲಿ. ಪೇಪರ್ ಮೇಲೆ ನಾಣ್ಯ ಇಟ್ಟು 5 ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಬಿದ್ದರೆ, ಪ್ಲಗ್ ಕಿತ್ತು ಇನ್ನೊಂದು ತುಂಡಿನಲ್ಲಿ ಮಾಡಿ. ಆಗಲೂ ಬಿದ್ದರೆ ಸೇಫ್‌ಲೈಟ್ (ಡಾರ್ಕ್‌ರೂಮಿನ ಮಂದ ದೀಪ) ಅಥವಾ ಬಾಗಿಲ ಸಂದಿ ನೋಡಿ. ಅಲ್ಲೀವರೆಗೆ ಪೇಪರ್ ಕೂರಿಸೋವಾಗ ಲೆನ್ಸ್ ಕೆಳಗಿನ ಕೆಂಪು ಫಿಲ್ಟರ್ ಅಡ್ಡ ಇರಲಿ.

ಇನ್ನೊಂದು: ಎಲ್‌ಇಡಿ ವಾರ್ಮ್ ವೈಟ್ ಆಗಿದ್ದರೆ ಬದಲಿಸಿ. ಅದರಲ್ಲಿ ನೀಲಿ ಕಮ್ಮಿ, 5ನೇ ನಂಬರ್ (ಅತಿ ಹೆಚ್ಚು ಕಾಂಟ್ರಾಸ್ಟಿನ) ಫಿಲ್ಟರಿಗೆ ಎಕ್ಸ್‌ಪೋಷರ್ ಉದ್ದುದ್ದ ಎಳೆಯುತ್ತೆ.

ಕಡೂರು: ಎಲ್‌ಇಡಿಯಲ್ಲಿ ಶಾರ್ಪ್‌ನೆಸ್ ಹೋಗುತ್ತೆ. ಓಪಲ್ಲೇ ಸೈ.

ಸಕಲೇಶಪುರ: ಶಾರ್ಪ್‌ನೆಸ್ ಕೊಡೋದು ಲೆನ್ಸು. ನಿಮಗೆ ಕಾಣ್ತಿರೋದು ಕಂಡೆನ್ಸರಿನ ಕಾಂಟ್ರಾಸ್ಟ್. ಡಿಫ್ಯೂಸರ್ (ಬೆಳಕು ಚದುರಿಸೋ ಹಾಳೆ) ಹಾಕಿ, ಅರ್ಧದಿಂದ ಒಂದು ಕಾಂಟ್ರಾಸ್ಟ್ ಗ್ರೇಡ್ ಏರಿಸಿದರೆ ಅಷ್ಟೇ ಬರುತ್ತೆ. ಧೂಳು, ಗೀರೂ ಕಮ್ಮಿ ಕಾಣುತ್ತೆ.

ಕಡೂರು: ಗೀರು ಮುಚ್ಚೋಕೆ ಡಿಫ್ಯೂಸರ್ ಬೇಕಾದವರು ಮೊದಲು ನೆಗೆಟಿವ್ ಒಣಗಿಸೋದು ಕಲೀಲಿ.

ಸಕಲೇಶಪುರ: ಕಡೂರಿನ ಬಿಸಿಲಲ್ಲಿ ಕೂತು ಹೇಳೋದು ಸುಲಭ ಬಿಡಿ. ಜುಲೈನಲ್ಲಿ ಇಲ್ಲಿ ಬಂದು ಒಣಗಿಸಿ ತೋರಿಸಿ.

ಆಲೂರು: ಕಲರ್ ಪ್ರಿಂಟಿಗೆ ಎನ್‌ಲಾರ್ಜರಿನ ಯಾವ ಹೆಡ್ (ಬೆಳಕಿನ ಭಾಗ) ಒಳ್ಳೇದು?

ಆಲ್ದೂರು: ಸರ್, ಓಪಲ್ ಬಲ್ಬೇ ಇದೆ, ಆದರೂ ಕೆಲವು ದಿನ ಪ್ರಿಂಟ್ ಪೇಲವ.

ರಿಪೇರಿ: ವೋಲ್ಟೇಜ್. 230ರಿಂದ 200ಕ್ಕೆ ಇಳಿದರೆ ತಂತಿ ಬಲ್ಬಿನ ಬೆಳಕು ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗುತ್ತೆ, ಹಳದಿಗೂ ತಿರುಗುತ್ತೆ. ತೋಟದ ಸ್ಪ್ರಿಂಕ್ಲರ್ ಮೋಟರ್ ಓಡೋ ಹೊತ್ತಲ್ಲಿ ಟೆಸ್ಟ್ ಸ್ಟ್ರಿಪ್ (ಎಕ್ಸ್‌ಪೋಷರ್ ಗೊತ್ತುಮಾಡೋ ಪೇಪರ್ ತುಂಡು) ತೆಗೀಬೇಡಿ. ಸರ್ವೊ ಸ್ಟೆಬಿಲೈಸರ್ ಹಾಕಿ. ರಿಲೇ ಸ್ಟೆಬಿಲೈಸರಿನಲ್ಲಿ ವೋಲ್ಟೇಜ್ ಎಕ್ಸ್‌ಪೋಷರ್ ಮಧ್ಯೆ ಟಕ್ ಅಂತ ಹಾರುತ್ತೆ.

ಜಾವಗಲ್: 75ರ ಜಾಗಕ್ಕೆ 150 ನಡೆಯುತ್ತಾ ಸರ್? ಸಿಎಫ್‌ಎಲ್?

ರಿಪೇರಿ: 150ಕ್ಕೆ ಉತ್ತರ ಆಗಲೇ ಮೇಲಿದೆ, ಓದಿ. ಸಿಎಫ್‌ಎಲ್ ಬೇಡ, ಕಾವೇರಿದ ಮೇಲೇ ಪೂರ್ತಿ ಬೆಳಕು.

ಆಲೂರು: ಸರ್, ಕಲರ್ ಹೆಡ್?

ಕಡೂರು: ಗುಂಪಲ್ಲಿ ಅರ್ಧ ಜನ ಓದೋದೇ ಇಲ್ಲ.

ಮೂಡಿಗೆರೆ: ನಾಣ್ಯದ ಗುರುತು ಬಿತ್ತು. ಪ್ಲಗ್ ಕಿತ್ತರೆ ಇಲ್ಲ.

ರಿಪೇರಿ: ಹಾಗಾದ್ರೆ ಟೈಮರೇ. ನಿಯಾನ್ ಇಲ್ಲದ, ಫೇಸು ನ್ಯೂಟ್ರಲ್ ಎರಡೂ ಕಟ್ ಮಾಡೋ ರಿಲೇ ಬೇಕು. ವೈರ್‌ಮನ್ ಕೈಲಿ ಹಾಕಿಸಿ, ನೀವೇ ಬಿಚ್ಚಬೇಡಿ.