ಟ್ರಸ್ಟಿನ ಮನೆ ಆರೈಕೆಯನ್ನು ಸರ್ಕಾರಿ ಆರೋಗ್ಯ ಕೇಂದ್ರದೊಂದಿಗೆ ಸೇರಿಸಿದವರು ಅನುಭವ ತಿಳಿಸುವಿರಾ?

ಪ್ರಶ್ನೆ (ಹೊಸನಗರ ತಾಲ್ಲೂಕು): ನಮ್ಮದು ಚಿಕ್ಕ ಟ್ರಸ್ಟು. ಇಬ್ಬರು ನರ್ಸ್‌ಗಳು ಮತ್ತು ಒಂದು ಜೀಪಿನೊಂದಿಗೆ, ಹಾಸಿಗೆ ಹಿಡಿದ ನಲವತ್ತು ಮಂದಿಯನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇವೆ. ಈ ಕೆಲಸವನ್ನು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದೊಂದಿಗೆ ಸೇರಿಸಿ ಒಡಂಬಡಿಕೆ ಮಾಡಿಕೊಳ್ಳೋಣವೆಂದು ವೈದ್ಯಾಧಿಕಾರಿಗಳು ಹೇಳುತ್ತಿದ್ದಾರೆ. ಸಹಿ ಹಾಕಬಹುದೇ?

ಶಿವಮೊಗ್ಗ, ಟ್ರಸ್ಟೊಂದರ ಮಾಜಿ ವ್ಯವಸ್ಥಾಪಕ: ಸರ್ಕಾರ ನಮ್ಮ ಟ್ರಸ್ಟಿಗೆ ವಹಿಸಿದ್ದ ಒಂದು ಕೇಂದ್ರವನ್ನು ನಾನು 2010ರಿಂದ ಆರು ವರ್ಷ ನಡೆಸಿದೆ. ಚಾಮರಾಜನಗರ ಜಿಲ್ಲೆಯ ಗುಂಬಳ್ಳಿ ಕೇಂದ್ರವನ್ನು ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ವಹಿಸಿಕೊಂಡು ಮಾಡಿ ತೋರಿಸಿದ್ದೇ ನಮಗೆ ಪ್ರೇರಣೆಯಾಗಿತ್ತು. ನಾವು ಹೋದಾಗ ಹೆರಿಗೆ ಕೋಣೆಯಲ್ಲಿ ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದರು. ರಾತ್ರಿ ಬಂದ ಬಸುರಿಯರನ್ನು ಬಾಗಿಲಿನಿಂದಲೇ ದೊಡ್ಡಾಸ್ಪತ್ರೆಗೆ ಕಳುಹಿಸುವುದು ರೂಢಿಯಾಗಿತ್ತು. ನರ್ಸ್‌ಗಳು ಅಲ್ಲಿಯೇ ಉಳಿಯಲೆಂದು ವಸತಿಗೃಹದ ಹೆಂಚು, ಪಕಾಸಿ ಬದಲಾಯಿಸಲು 1,38,000 ರೂಪಾಯಿ, ಜನರೇಟರಿಗೆ 96,500, ಮಳೆಗಾಲದಲ್ಲಿ ಕುಸಿದ ಬಾವಿಯ ಕಲ್ಲು ಕಟ್ಟಿಸಲು 61,000 ವೆಚ್ಚವಾಯಿತು. ಇದ್ಯಾವುದೂ ಒಡಂಬಡಿಕೆಯಲ್ಲಿ ಇರಲಿಲ್ಲವಾದ್ದರಿಂದ ಒಂದು ರೂಪಾಯಿಯೂ ಮರಳಲಿಲ್ಲ. ಒಮ್ಮೆ ಸಂಬಳದ ಕಂತು ಐದು ತಿಂಗಳು ತಡವಾದಾಗ ನನ್ನ ಪತ್ನಿಯ ಬಳೆಗಳನ್ನು ಸಹಕಾರ ಸಂಘದಲ್ಲಿ ಅಡವಿಟ್ಟು ಸಿಬ್ಬಂದಿಗೆ ಹಬ್ಬದ ಮುಂಚೆ ಹಣ ಕೊಟ್ಟೆ. 2016ರಲ್ಲಿ ರಾಜ್ಯ ಸರ್ಕಾರ, ಹೀಗೆ ಕೇಂದ್ರಗಳನ್ನು ಟ್ರಸ್ಟುಗಳಿಗೆ ವಹಿಸುತ್ತಿದ್ದ ಆರೋಗ್ಯ ಬಂಧು ಯೋಜನೆಯನ್ನೇ ನಿಲ್ಲಿಸಿತು, ನಾವು ಬೀಗದ ಕೈ ಒಪ್ಪಿಸಿ ಬಂದೆವು. ಅನಂತರ ನಾಲ್ಕೇ ತಿಂಗಳಲ್ಲಿ ಅಲ್ಲಿ ರಾತ್ರಿ ಹೆರಿಗೆ ನಿಂತುಹೋಯಿತು. ಆ ಊರಿನ ದಾರಿಯಲ್ಲಿ ಹೋಗಲು ನನಗೆ ಈಗಲೂ ಮನಸ್ಸಾಗುವುದಿಲ್ಲ.

ತೀರ್ಥಹಳ್ಳಿ, ನಿವೃತ್ತ ಆರೋಗ್ಯ ಸಹಾಯಕಿ: ಸರ್ಕಾರಿ ನೌಕರರು ಬಂದ ಕೂಡಲೇ ಕೆಲಸ ಕೆಟ್ಟಿತೆಂಬ ಧ್ವನಿ ಮೇಲಿನ ಬರಹದಲ್ಲಿದೆ. ತಮ್ಮ ಇಬ್ಬರು ನರ್ಸ್‌ಗಳು ಹೊರಟ ಮೇಲೆ ಅವರ ಜಾಗಕ್ಕೆ ಹುದ್ದೆ ಮಂಜೂರಾಯಿತೇ ಎಂದು ತಾವು ವಿಚಾರಿಸಿದ್ದುಂಟೇ? ನಾನು ಮೂವತ್ತೊಂದು ವರ್ಷ ಇದೇ ಕಾಡಿನಲ್ಲಿ ಲಸಿಕೆಯ ಪೆಟ್ಟಿಗೆ ಹೊತ್ತವಳು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ, ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆಗೆ ಲಸಿಕೆ ಕೊಡುವಾಗ ಮೊದಲ ಡೋಸ್, ತಿಂಗಳ ನಂತರ ಎರಡನೆಯದು, ಆಮೇಲೆ ಬೂಸ್ಟರ್ ಎಂದು ಒಂದೇ ಮನೆಗೆ ಮತ್ತೆ ಮತ್ತೆ ಹೋಗಬೇಕಿತ್ತು. ಚುಚ್ಚಿದ ಜಾಗ ವಿಪರೀತ ನೋಯುತ್ತದೆಂದು ಎರಡನೆಯ ಸಲ ಮನೆಮಂದಿಯೆಲ್ಲ ತೋಟ ಸೇರಿಬಿಡುತ್ತಿದ್ದರು. ಅದೇ ಕಾಲದಲ್ಲಿ ಒಂದು ಸೇವಾ ಸಂಸ್ಥೆ, ಉಣ್ಣಿ ಕಚ್ಚದಂತೆ ಹಚ್ಚಿಕೊಳ್ಳಲು ಸರ್ಕಾರ ಕೊಟ್ಟ ಡೇಪಾ ಎಣ್ಣೆಯ ಬಾಟಲಿಗಳನ್ನು ನಮ್ಮಿಂದಲೇ ಪಡೆದು, ತನ್ನ ಬ್ಯಾನರಿನ ಕೆಳಗೆ ಹಂಚಿ ಫೋಟೊ ತೆಗೆಸಿಕೊಂಡಿತು. ಆ ಫೋಟೊದಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಲ್ಲಿ ಒಬ್ಬರೂ ಇರಲಿಲ್ಲ. ಇರಲಿ, ತಮ್ಮ ನರ್ಸ್‌ಗಳಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದಿರಿ?

ಶಿವಮೊಗ್ಗ: 9,500 ರೂಪಾಯಿ ಕೊಡುತ್ತಿದ್ದೆವು. ಅದು ಕಡಿಮೆ ಎಂಬುದು ಅಡವಿಟ್ಟ ಬಳೆಗಳ ಬಡ್ಡಿ ಕಟ್ಟಿದ ನನಗೆ ಗೊತ್ತಿದೆ. ಬ್ಯಾನರ್ ಹಿಡಿದವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನಮ್ಮ ಕೇಂದ್ರದ ಬೋರ್ಡಿನ ಮೇಲೆ ಟ್ರಸ್ಟಿನ ಹೆಸರನ್ನು ನಾವು ಬರೆಸಿರಲಿಲ್ಲ.

ತೀರ್ಥಹಳ್ಳಿ: ಆ ಸಂಬಳಕ್ಕೆ ಹಗಲಿರುಳು ದುಡಿಸಿಕೊಂಡು ಅದನ್ನೇ ಮಾದರಿ ಎಂದು ತೋರಿಸಿದ್ದರಿಂದ, ಕಾಯಂ ಹುದ್ದೆ ಕೇಳಿದ ನಮಗೆ ಮೇಲಿನವರು "ಟ್ರಸ್ಟಿನವರು ಅಷ್ಟರಲ್ಲೇ ಮಾಡುತ್ತಾರಲ್ಲ" ಎಂದರು. ನನ್ನ ಸಿಟ್ಟು ತಮ್ಮ ಮೇಲಲ್ಲದಿರಬಹುದು, ಆದರೆ ಆ ಮಾತನ್ನು ಕೇಳಿಸಿಕೊಂಡವಳು ನಾನು.

ಸಾಗರ, ಉಪಶಾಮಕ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಆರೈಕೆ) ಕಾರ್ಯಕರ್ತ: ಇಬ್ಬರೂ ಕಟ್ಟಡ ಮತ್ತು ಸಂಬಳದಲ್ಲೇ ನಿಂತಿದ್ದೀರಿ. ನಮ್ಮನ್ನು ಸೋಲಿಸಿದ್ದು ಮಾರ್ಫಿನ್ ಮಾತ್ರೆ, ತೀವ್ರ ನೋವು ತಗ್ಗಿಸುವ, ಆದರೆ ಮಾದಕ ವಸ್ತುವೆಂದು ಕಾನೂನಿನ ಹಿಡಿತದಲ್ಲಿರುವ ಔಷಧ. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಪರವಾನಗಿಯ ತೊಡಕು ಕಡಿಮೆಯಾಗಿದ್ದರೂ, ನಮ್ಮ ಕ್ಯಾನ್ಸರ್ ರೋಗಿಗಳ ಮನೆಯವರು ಹತ್ತು ದಿನದ ಮಾತ್ರೆಗಾಗಿ ಘಟ್ಟ ಇಳಿದು ಮಣಿಪಾಲದವರೆಗೆ ಹೋಗುತ್ತಿದ್ದರು. ಬಸ್ಸಿನ ಖರ್ಚು, ಊಟ, ಒಂದು ದಿನದ ಕೂಲಿ ನಷ್ಟ ಸೇರಿ ಪ್ರತಿ ಸಲ 1,100 ರೂಪಾಯಿ ಆಗುತ್ತಿತ್ತು, ಮಾತ್ರೆಯ ಬೆಲೆ ಅದರ ಮುಂದೆ ಏನೂ ಅಲ್ಲ. ಒಂದು ಸರ್ಕಾರಿ ಆಸ್ಪತ್ರೆಯೊಂದಿಗೆ ಕೈಜೋಡಿಸಿ ಹದಿನಾಲ್ಕು ತಿಂಗಳು ಅಲೆದ ಮೇಲೆ ಮಾತ್ರೆ ಅಲ್ಲಿನ ಔಷಧಾಲಯಕ್ಕೇ ಬಂತು. ಅಂದು ನಾನು ಆ ಕಿಟಕಿಯ ಮುಂದೆ ನಿಂತು ಅತ್ತಿದ್ದೇನೆ. ಮರುವರ್ಷ ಫಾರ್ಮಸಿಸ್ಟರಿಗೆ ವರ್ಗವಾಯಿತು. ಹೊಸಬರು ರಿಜಿಸ್ಟರಿಗೆ ಸಹಿ ಹಾಕಲು ಹೆದರಿದರು. ಏಳು ತಿಂಗಳು ಕಪಾಟಿನಲ್ಲಿ ಮಾತ್ರೆ ಇದ್ದರೂ ರೋಗಿಗಳು ನರಳಿದರು. ನಾವು ಒಬ್ಬ ಒಳ್ಳೆಯ ಮನುಷ್ಯನನ್ನು ಒಪ್ಪಿಸಿದ್ದೆವು, ಕಚೇರಿಯನ್ನು ಒಪ್ಪಿಸಿರಲಿಲ್ಲ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ಸೊಸೈಟಿಯೊಂದು ಆರಂಭಿಸಿದ ಈ ಕೆಲಸವನ್ನು ಸರ್ಕಾರ 2008ರಲ್ಲಿ ನೀತಿಯಾಗಿಸಿ ಪಂಚಾಯಿತಿಗಳಿಗೆ ವಹಿಸಿದ್ದರಿಂದ ಅಲ್ಲಿ ಮನೆ ಭೇಟಿ ಒಬ್ಬರ ವರ್ಗಾವಣೆಯಿಂದ ನಿಲ್ಲುವಂಥದ್ದಾಗಿ ಉಳಿಯಲಿಲ್ಲ.

ಶಿವಮೊಗ್ಗ: ಕೇರಳದ ಪಂಚಾಯಿತಿಯ ಹಣಕಾಸು ಬೇರೆ, ನಮ್ಮದು ಬೇರೆ. ಆ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ.

ಸಾಗರ: ಒಪ್ಪಬೇಡಿ. ತಾವು ಆರು ವರ್ಷದಲ್ಲಿ ಎಷ್ಟು ಸಲ ಗ್ರಾಮಸಭೆಗೆ ಹೋಗಿದ್ದಿರಿ ಎಂಬುದನ್ನಷ್ಟೇ ಹೇಳಿ.

ಶಿವಮೊಗ್ಗ: ಎರಡು ಸಲ.

ಹೊಸನಗರ: ಹಿರಿಯರೇ, ಸಹಿಯ ವಿಷಯವನ್ನು ಯಾರೂ ಹೇಳಲಿಲ್ಲ. ಕರಡು ಪತ್ರದಲ್ಲಿ ರೋಗಿಗಳ ರಿಜಿಸ್ಟರ್ ಟ್ರಸ್ಟಿನ ಬಳಿಯೇ ಇರಬೇಕೆಂದು ಬರೆದಿದೆ.

ತೀರ್ಥಹಳ್ಳಿ: ಆ ಸಾಲನ್ನು ಹೊಡೆದುಹಾಕಿಸಿ, ತಮ್ಮಾ. ರಿಜಿಸ್ಟರ್ ಕೇಂದ್ರದಲ್ಲಿ ಇರಲಿ, ಅದನ್ನು ಅಲ್ಲಿನ ಸಿಸ್ಟರೇ ಬರೆಯಲಿ, ವಾರಕ್ಕೊಮ್ಮೆ ಅವರೂ ನಿಮ್ಮ ಜೀಪಿನಲ್ಲಿ ಮನೆಗಳಿಗೆ ಬರುವುದು ಅವರ ಕರ್ತವ್ಯದ ಪಟ್ಟಿಯಲ್ಲಿ ಸೇರಲಿ. ಡೀಸೆಲ್ ಯಾರದೆಂಬುದನ್ನು ಅಂಕಿಯಲ್ಲಿ ಬರೆಸಿಕೊಳ್ಳಿ. ಗುರುವಾರ ನಾನು ಹೊಸನಗರಕ್ಕೆ ಬರುವವಳಿದ್ದೇನೆ, ಕರಡು ಪತ್ರವನ್ನು ತಂದು ತೋರಿಸಿ.