ಅಪ್‌ಡೇಟ್: ಕಿಸಿಮ್ಮಿ ನದಿ ಹತ್ರ ಜಿಯೋಕ್ಯಾಶಿಂಗ್

ಫ್ಲಾರಿಡಾದ ಕಿಸಿಮ್ಮಿ ನದಿ ಹತ್ರ ಮಕ್ಳನ್ನ ಕರ್ಕೊಂಡು ಜಿಯೋಕ್ಯಾಶಿಂಗ್ (ಯಾರೋ ಬಚ್ಚಿಟ್ಟ ಡಬ್ಬಿ, ಅಂದ್ರೆ ‘ಕ್ಯಾಶ್’ನ ಜಿಪಿಎಸ್ ಹಿಡ್ಕೊಂಡು ಹುಡುಕೋ ಆಟ) ಮಾಡ್ಬಹುದಾ, ಮೊಸಳೆ ಕಾಟ ಇದ್ಯಾ ಅಂತ ಕೇಳಿದ್ನಲ್ಲ, ಹೋಗಿ ಬಂದ್ವಿ. ಆರಾಮಾಗಿ ಮಾಡ್ಬಹುದು, ಆದ್ರೆ ನೀರಂಚಿಗೆ ಮಾತ್ರ ಬಿಡ್ಬೇಡಿ, ಅಲಿಗೇಟರ್‌ಗಳು ದಂಡೆ ಮೇಲೇ ಬಿಸಿಲು ಕಾಯಿಸ್ತಾ ಬಿದ್ದಿರ್ತವೆ. ಜಿಪಿಎಸ್ ಮರದ ಹತ್ರ ತಂದು ಬಿಟ್ಟು ಆಮೇಲೆ ಸುಮ್ನೆ ಸುತ್ತಾಡಿಸ್ತು, ಕೊನೆಗೆ ಮಗಳೇ ಒಣಗರಿ ಸರಿಸಿ ಡಬ್ಬಿ ತೆಗೆದ್ಲು, ಒಳಗೆ ಹುಡುಕಿದವ್ರು ಹೆಸ್ರು ಬರಿಯೋ ಲಾಗ್‌ಬುಕ್ ಒದ್ದೆಯಾಗಿ ಪೆನ್ನೇ ಓಡಲ್ಲ, ಪೆನ್ಸಿಲ್ ತಗೊಂಡೋಗಿ.

ನಂಗೆ ಕ್ಯಾಶ್‌ಗಿಂತ ನದಿನೇ ಹಿಡಿಸ್ತು. ಸುತ್ತಿ ಬಳಸಿ ಹರೀತಿದ್ದ 103 ಮೈಲಿ ನದೀನ 1962ರಿಂದ 71ರೊಳಗೆ 56 ಮೈಲಿ ನೇರ ಕಾಲುವೆ ಮಾಡ್ಬಿಟ್ಟಿದ್ರಂತೆ, ಆಮೇಲೆ ಆ ಕಾಲುವೆಲಿ 22 ಮೈಲಿ ಮತ್ತೆ ಮುಚ್ಚಿ ಹಳೇ ತಿರುವಿಗೆ ನೀರು ಬಿಡೋಷ್ಟರಲ್ಲಿ 2021! ಈ ನೀರೇ ಒಕಿಚೋಬಿ ಸರೋವರ ಸೇರಿ ಎವರ್‌ಗ್ಲೇಡ್ಸ್ ಅನ್ನೋ ದೊಡ್ಡ ಜೌಗು ಪ್ರದೇಶದ ಕಡೆ ಹೋಗೋದು. ಜೂನ್ ಆದ್ಮೇಲೆ ಅಲ್ಲಿ ಮಳೆಗಾಲ, ಚಳಿಗಾಲದಲ್ಲೇ ಹೋಗಿ.